ಪೂಜೆಗೆ ಮೊದಲೇ ಮುಕ್ಕಾದ ಉಳಿ

ಅಣ್ಣನ ಹೊಸ ಉಳಿಯನ್ನು ಮುಟ್ಟುವ ಮೊದಲು ಅವನನ್ನೊಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ.

ಚಂದ್ರಾ ಲೇಔಟಿನ ನಮ್ಮ ತಾರಸಿಯ ಮೇಲೆ, ಶೀಟಿನಡಿ, ಅವನದೊಂದು ಮರಗೆಲಸದ ಕೋಣೆ. ಹೊಸ ಸಾಮಾನು ತಂದು, ಮಗುವಿನ ಕೆನ್ನೆಯಂತೆ ಸವರಿ, ಮತ್ತೆ ಕವರಿಗೇ ಹಾಕಿಡುತ್ತಿದ್ದ. "ನಂಗೊಂದು ಮಣೆ ಮಾಡ್ಕೊಡೋ" ಎಂದರೆ, "ಆಯುಧಪೂಜೆ ಆಗ್ಲಿ ಕಣೇ" ಎನ್ನುತ್ತಿದ್ದ. ಪೂಜೆ ಮುಗಿದರೆ ಇನ್ನೊಂದು ಸಾಮಾನು ಬರುತ್ತಿತ್ತು, ಅದಕ್ಕೂ ಅದೇ ಮಾತು.

ಆ ವರ್ಷ ಪೂಜೆಯ ಬೆಳಿಗ್ಗೆ ಕತ್ತಿ ಸಿಗದೆ ಅವನ ಉಳಿಯಲ್ಲೇ ತೆಂಗಿನಕಾಯಿ ಸುಲಿದೆ. ಚಿಪ್ಪಿಗೆ ಬಡಿದು ಅಂಚು ಮುಕ್ಕಾಯಿತು. ಸದ್ದಿಲ್ಲದೆ ಒರೆಸಿಟ್ಟೆ.

ಕುಂಕುಮ ಹಚ್ಚುವಾಗ ಅಣ್ಣ ನೋಡಿದ. "ಅಂಗಡಿಯವನು ಮೋಸ ಮಾಡಿದಾನೆ, ಇರು, ವಿಚಾರಿಸ್ಕೊಂಡು ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದ.

ನಾನು ಗೇಟಿಗೆ ಅಡ್ಡ ನಿಂತೆ.

"ಪಾಪ, ಅವರನ್ನ ಬೈಬೇಡ ಕಣೋ. ಅದರಲ್ಲಿ ಕಾಯಿ ಸುಲಿದಿದ್ದು ನಾನೇ. ತಪ್ಪಾಯ್ತು ಅಣ್ಣಾ. ನನ್ನ ಮಣೆ ಮುಂದಿನ ಪೂಜೆ ಆದ್ಮೇಲೇ ಮಾಡು."