ಗುರುವಾರ ಬೀದಿಗೆ ಬಿದ್ದ ನಾನೂರು ದೆವ್ವಗಳು

ಕಳೆದ ವರ್ಷ ಟೋಕಿಯೊದಿಂದ ಸೂಟು ತೊಟ್ಟ ಇಬ್ಬರು ನಮ್ಮ ಎದುರುಮನೆಗೆ ಬಂದಿದ್ದರು. ಯಾವುದೋ ಹಳೆಯ ದೆವ್ವದ ಸಿನಿಮಾದ ಮೂಲ ಪ್ರತಿ ಕಂಪನಿಯ ಉಗ್ರಾಣದಲ್ಲೇ ಹಾಳಾಗಿ ಹೋಯಿತಂತೆ. ಅದರ ವಿಡಿಯೋ ಟೇಪು ಕಿರ್ಯೂ ಊರಿನ ಹೊಶಿನೊ ಸದಾಯೊ ಎಂಬ ಮುದುಕಿಯ ಬಳಿ ಇದೆಯೆಂದು ಯಾರೋ ಹೇಳಿದರಂತೆ. ಬಗ್ಗಿ ಬಗ್ಗಿ ನಮಸ್ಕರಿಸಿ, ಸಿಹಿಯ ಡಬ್ಬಿ ಮುಂದಿಟ್ಟು ಕೇಳಿದರು.

“ಕೊಡ್ತೀನಿ,” ಎಂದಳು ಸದಾಯೊ. “ಮೊದ್ಲು ಇಲ್ಲೇ ಕೂತು ಪೂರ್ತಿ ನೋಡಿ. ನೋಡದೇ ಇರೋರ ಕೈಗೆ ನಾನು ಟೇಪ್ ಕೊಡಲ್ಲ.”

ಎಂಬತ್ತೇಳರ ಮುದುಕಿಯ ಪಕ್ಕ ಮಂಡಿ ಮಡಚಿ ಕೂತು ಇಬ್ಬರೂ ಪೂರ್ತಿ ನೋಡಿದರು. ಏಳುವಾಗ ಒಬ್ಬನ ಕಾಲು ಜೋಮು ಹಿಡಿದು ಬಾಗಿಲಿಗೆ ಹಣೆ ಚಚ್ಚಿಕೊಂಡ. ನನಗೆ ಬಹಳ ಖುಷಿಯಾಯಿತು. ಈಗ ಎಲ್ಲರೂ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಹಿಂದೊಮ್ಮೆ ಇದೇ ಟೇಪುಗಳಿಗಾಗಿ ಇಡೀ ಬೀದಿ ಅವಳ ಮೇಲೆ ಬಿದ್ದಿತ್ತು. ಅದನ್ನು ಹೇಳದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ.

ನಾನು ಅರಾಯಿ. ಆಗ ಈ ಬೀದಿಯಲ್ಲಿ ವಿಡಿಯೋ ಬಾಡಿಗೆ ಅಂಗಡಿ ಇಟ್ಟಿದ್ದೆ. ಸದಾಯೊ ಶಾಲೆಗಳಿಗೆ ಊಟ ಕಳಿಸುವ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಆರುನೂರು ಮಕ್ಕಳ ಸಾರನ್ನು ದೋಣಿಯ ಹುಟ್ಟಿನಷ್ಟು ಉದ್ದದ ಸೌಟಿನಲ್ಲಿ ತಿರುವುವ ಕೈ ಅದು. ಬಣ್ಣಗಾರನಾಗಿದ್ದ ಗಂಡ ತೀರಿಕೊಂಡ ಮರುವರ್ಷ ಮಗಳು ಒಂದು ವಿಡಿಯೋ ಯಂತ್ರ ತಂದಿಟ್ಟಳು. ಸದಾಯೊ ಅಡುಗೆಮನೆಯ ಬಿಳಿ ರಬ್ಬರ್ ಬೂಟಿನಲ್ಲೇ ನನ್ನ ಅಂಗಡಿಗೆ ಬಂದಳು.

“ಅರಾಯಿ-ಸಾನ್, ಹೆಂಗಸು ಅಳದೇ ಇರೋ ಸಿನಿಮಾ ಯಾವ್ದಾದ್ರೂ ಇದ್ಯಾ?”

“ಅಳದೇ ಇರೋರು ಅಂದ್ರೆ ಸತ್ತೋರೇ,” ಎಂದು ತಮಾಷೆಗೆ ಹೇಳಿ, ಯಾರೂ ಮುಟ್ಟದ ಕೆಳಗಿನ ಹಲಗೆಯಿಂದ ಒಂದು ಟೇಪು ತೆಗೆದುಕೊಟ್ಟೆ. ರೇಷ್ಮೆ ಗಿರಣಿಯ ಮಾಲೀಕನೊಬ್ಬ ನೇಯುವ ಹುಡುಗಿಯನ್ನು ಕೆಡಿಸಿ, ಕೊಂದು, ಹುಳು ಸಾಕುವ ಕೊಟ್ಟಿಗೆಯಲ್ಲಿ ಹೂಳುತ್ತಾನೆ. ಅವಳು ಎದ್ದು ಬಂದು ಅವನನ್ನು ನೂಲಿನಿಂದಲೇ ಬಿಗಿದು ಮುಗಿಸುತ್ತಾಳೆ. ಅಗ್ಗದ ಸಿನಿಮಾ, ಮಸುಕಾದ ಚಿತ್ರ.

ಮರುದಿನ ನಾನು ಬಾಗಿಲು ತೆರೆಯುವ ಮೊದಲೇ ಸೈಕಲ್ ಹಿಡಿದು ನಿಂತಿದ್ದಳು. “ಎರಡು ಸಲ ನೋಡ್ದೆ. ರಕ್ತ ಅಂತ ಏನೋ ಸುರಿದಿದ್ದಾರೆ, ಟೊಮೆಟೊ ಸಾಸಿಗೆ ಸೋಯಾ ಜಾಸ್ತಿ ಆಗಿದೆ. ಆದ್ರೆ ಆ ಹುಡುಗಿ ಸುಳ್ಳಲ್ಲ. ಇಂಥವು ಇನ್ನೂ ಎಷ್ಟಿವೆ?”

“ನಿಮಗ್ಯಾಕೆ ಇವೆಲ್ಲ?”

“ನಾನೂ ಹದಿನೈದಕ್ಕೇ ನೇಯೋ ಗಿರಣಿಗೆ ಸೇರಿದವಳು. ಮೇಸ್ತ್ರಿ ಕಪಾಳಕ್ಕೆ ಹೊಡೆದಾಗ ತಪ್ಪಾಯ್ತು ಅಂತ ಬಗ್ಗಿದ್ದೆ. ಏನು ತಪ್ಪು ಅಂತ ಇವತ್ತಿಗೂ ಗೊತ್ತಿಲ್ಲ. ಅದನ್ನ ನೆನೆಸ್ಕೊಂಡ್ರೆ ಈಗಲೂ ಮೈ ಉರಿಯತ್ತೆ.”

ಹೀಗೆ ಶುರುವಾಯಿತು. ಭಾನುವಾರ ಬಂದರೆ ರೈಲು ಹತ್ತಿ ತಕಾಸಾಕಿಗೋ ಅಶಿಕಾಗಾಗೋ ಹೋಗಿ, ಮುಚ್ಚುವ ಅಂಗಡಿಗಳು ಕಿತ್ತುಹಾಕುವ ಸವೆದ ಟೇಪುಗಳನ್ನು ಕಿತ್ತಳೆಯ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬರುತ್ತಿದ್ದಳು. ಬೆಕ್ಕಿನ ದೆವ್ವ, ಜೈಲು ಒಡೆದ ಹೆಂಗಸರು, ಚೂರಿ ಹಿಡಿದ ಪುಂಡ ಹುಡುಗಿಯರ ಗುಂಪು, ತಲೆಯಿಲ್ಲದ ವಧು, ಯಾವುದನ್ನೂ ಬಿಡಲಿಲ್ಲ. ಹಳೆಯ ಅಂಟು ಕೆರೆದು, ಬೂಷ್ಟು ಒರೆಸಿ, ತುಂಡಾದ ಟೇಪನ್ನು ಜೋಡಿಸಿ, ಪ್ರತಿಯೊಂದರ ಮೇಲೂ ತನ್ನ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ತವರಿನವರು ಕೊಟ್ಟ ಮದುವೆ ಪೆಟ್ಟಿಗೆ ಕಿರಿ ಮರದ್ದು, ಒಳಗೆ ತೇವ ಬಿಡುವುದಿಲ್ಲ. ಮದುವೆಯ ಕಿಮೋನೊಗಳನ್ನು ತಂಗಿಗೆ ದಾಟಿಸಿ ಆ ಪೆಟ್ಟಿಗೆಯಲ್ಲಿ ದೆವ್ವಗಳನ್ನು ಮಲಗಿಸಿದಳು.

ನಾನೊಮ್ಮೆ ಕಿಚಾಯಿಸಿದೆ: “ಸದಾಯೊ-ಸಾನ್, ಇವನ್ನ ತೆಗೆದೋರು ಹೆಂಗಸರ ಮೇಲಿನ ಮರುಕಕ್ಕೆ ತೆಗೆದದ್ದಲ್ಲ. ಹುಡುಗೀರ ಬಟ್ಟೆ ಬಿಚ್ಚಿಸಿ ಗಂಡಸರ ಕೈಲಿ ಟಿಕೆಟ್ ಕೊಳ್ಳಿಸೋಕೆ.”

“ಅಷ್ಟೂ ಗೊತ್ತಿಲ್ವಾ ನಂಗೆ? ಮೊದಲ ಒಂದು ಗಂಟೆ ಅವರದ್ದು. ಕೊನೆಯ ಇಪ್ಪತ್ತು ನಿಮಿಷ ನಂದು.”

ನಾನು ಕೆಳಗಿನ ಹಲಗೆಯಿಂದ ಇನ್ನೊಂದು ಟೇಪು ತೆಗೆದುಕೊಟ್ಟೆ.

ಹೀಗೇ ಕೆಲವು ವರ್ಷ ಕಳೆದು ೧೯೮೯ ಬಂತು; ಹಳೆಯ ಚಕ್ರವರ್ತಿ ತೀರಿಕೊಂಡು ಹೊಸ ಯುಗ ಶುರುವಾದ ವರ್ಷ ಅದು. ಬೇಸಿಗೆಯಲ್ಲಿ ಬೇರೆ ಕಡೆ ಯಾರೋ ಮಾಡಿದ ಘೋರ ಕೊಲೆಗಳ ಸುದ್ದಿ ಪತ್ರಿಕೆ ತುಂಬ ಬಂತು. ಆರೋಪಿಯ ಕೋಣೆಯಲ್ಲಿ ರಾಶಿ ವಿಡಿಯೋ ಟೇಪು ಸಿಕ್ಕಿತೆಂದು ಬರೆದರು. ಅಲ್ಲಿಂದ ಮುಂದೆ ಮನೆಯಲ್ಲಿ ಟೇಪು ಇಟ್ಟವರನ್ನು ಜನ ಕೊಲೆಗಾರರ ಹಾಗೆ ನೋಡತೊಡಗಿದರು. ಎಲ್ಲೋ ಬೆಂಕಿ ಬಿದ್ದರೆ ನಮ್ಮ ಬೀದಿಯಲ್ಲಿ ಬಾವಿ ತೋಡುವವರಿಗೆ ಕೊರತೆಯಿಲ್ಲ.

ಬೀದಿ ಸಂಘದ ಅಧ್ಯಕ್ಷ ಶಿಮೋಯಾಮಾ ರೈಲ್ವೆಯಿಂದ ನಿವೃತ್ತನಾದವನು. ಬಿಳಿ ಕೈಗವಸು ಮಾತ್ರ ನಿವೃತ್ತಿಯಾಗಿರಲಿಲ್ಲ. ಸುಡುವ ಕಸ ಸೋಮವಾರ ಮತ್ತು ಗುರುವಾರ, ಸುಡದ ಕಸ ತಿಂಗಳ ಎರಡನೇ ಮಂಗಳವಾರ. ದಿನ ತಪ್ಪಿ ಇಟ್ಟ ಕಸವನ್ನು ಇಟ್ಟವರ ಮನೆಬಾಗಿಲಿಗೇ ಹಿಂದಿರುಗಿಸುವುದು ಅವನ ಪರಮಧರ್ಮ. ಹಿಂದಿನ ವರ್ಷ ಸದಾಯೊ ಕೆಟ್ಟುಹೋದ ಅನ್ನದ ಕುಕ್ಕರನ್ನು ಸೋಮವಾರ ಇಟ್ಟಿದ್ದಕ್ಕೆ ಎಲ್ಲರೆದುರು ತಂದು ಅವಳ ಕೈಗೆ ಕೊಟ್ಟಿದ್ದ. ಅವಳು ಹಠಕ್ಕೆ ಬಿದ್ದು ಅದನ್ನು ಎಸೆಯದೇ ಹೊಸ್ತಿಲ ಪಕ್ಕದಲ್ಲೇ ಇಟ್ಟುಕೊಂಡಿದ್ದಳು.

ಈಗ ಅವನು ಅವಳ ಬಾಗಿಲಿಗೆ ಬಂದ. “ಹೊಶಿನೊ-ಸಾನ್, ಮಕ್ಕಳಿಗೆ ಊಟ ಹಾಕೋ ಕೈ ನಿಮ್ದು. ಆ ಹೊಲಸನ್ನೆಲ್ಲ ಎಸೆದುಬಿಡಿ. ಬೀದಿಗೆ ಕೆಟ್ಟ ಹೆಸರು.”

“ಅಧ್ಯಕ್ಷರೇ, ನನ್ನ ಕೈ ಅಡುಗೆಯಿಂದ ಇದುವರೆಗೂ ಒಂದು ಮಗೂಗೂ ಹೊಟ್ಟೆ ಕೆಟ್ಟಿಲ್ಲ. ನನ್ನ ಪೆಟ್ಟಿಗೆ ವಿಚಾರ ನಿಮಗೆ ಬೇಡ,” ಎಂದು ಬಾಗಿಲು ಎಳೆದುಕೊಂಡಳು. ನಮ್ಮ ಗುನ್ಮಾ ಸೀಮೆಯಲ್ಲಿ ಎರಡಕ್ಕೆ ತಡೆಯಿಲ್ಲ ಎನ್ನುತ್ತಾರೆ: ಅಕಾಗಿ ಬೆಟ್ಟದ ಒಣಗಾಳಿಗೆ ಮತ್ತು ಮನೆಯೊಡತಿಯ ದರ್ಬಾರಿಗೆ.

ಆದರೆ ಮನೆಯಲ್ಲಿ ಮಗಳಿದ್ದಳು. ಮಿನೆಕೊಗೆ ಆಗ ಇಪ್ಪತ್ತೈದು, ಬ್ಯಾಂಕಿನ ಕೌಂಟರಿನಲ್ಲಿ ಕೆಲಸ. ಇಪ್ಪತ್ತೈದು ದಾಟಿದ ಹುಡುಗಿ ಹಬ್ಬ ಮುಗಿದ ಮರುದಿನದ ಕ್ರಿಸ್‌ಮಸ್ ಕೇಕಿನ ಹಾಗೆ, ಯಾರೂ ಕೊಳ್ಳುವುದಿಲ್ಲ ಎಂದು ಜನ ಹಲ್ಲು ಕಿಸಿಯುತ್ತಿದ್ದ ಕಾಲ. ನನ್ನ ಹೆಂಡತಿ ತೊಕಿ ಮಧ್ಯಸ್ಥಿಕೆ ವಹಿಸಿ ಇಸೆಸಾಕಿಯ ಒಳ್ಳೆಯ ಮನೆತನದ ಗಂಡೊಂದನ್ನು ನೋಡಿದ್ದಳು. ಹುಡುಗ ಹುಡುಗಿ ಒಪ್ಪಿದ್ದರು. ಗಂಡಿನ ಕಡೆಯವರು ಒಂದು ದಿನ ಬಂದು ಬೀದಿಯವರ ಬಳಿ ಮನೆತನದ ಬಗ್ಗೆ ವಿಚಾರಿಸುವುದೊಂದು ಉಳಿದಿತ್ತು. ನವೆಂಬರಿನ ಒಂದು ಗುರುವಾರ, ಪಂಚಾಂಗದಲ್ಲಿ ಒಳ್ಳೆಯ ದಿನ, ಗಂಡಿನ ಸೋದರತ್ತೆ ಬರುತ್ತಾಳೆಂದು ತೊಕಿ ಮಿನೆಕೊಗೆ ಹೇಳಿದಳು.

ಹುಡುಗಿ ಹೆದರಿಬಿಟ್ಟಳು. ಗುರುವಾರ ಬೆಳಿಗ್ಗೆ ತಾಯಿ ಶಾಲೆಗಳ ಅಡುಗೆಮನೆಗೆ ಕೆಲಸಕ್ಕೆ ಹೋದ ಕೂಡಲೇ ಪೆಟ್ಟಿಗೆ ಬರಿದು ಮಾಡಿ ಹನ್ನೊಂದು ಚೀಲ ಟೇಪು ಹೊತ್ತು ಕಸದ ಮೂಲೆಗೆ ಹಾಕಿ, ಬ್ಯಾಂಕಿಗೆ ಓಡಿದಳು. ಪಾಪ, ಲಕ್ಷಗಟ್ಟಲೆ ಹಣ ತಪ್ಪಿಲ್ಲದೆ ಎಣಿಸುವ ಹುಡುಗಿ, ಹುಟ್ಟಿದಂದಿನಿಂದ ಕಸ ಹಾಕಿದವಳಲ್ಲ. ಆ ಕೆಲಸ ಯಾವಾಗಲೂ ತಾಯಿಯದು. ಪ್ಲಾಸ್ಟಿಕ್ ಸುಡುವ ಕಸವಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಕಸದ ಲಾರಿಯವರು ಚೀಲಗಳ ಮೇಲೆ ‘ಇಂದಿನ ಕಸವಲ್ಲ’ ಎಂಬ ಕೆಂಪು ಚೀಟಿ ಅಂಟಿಸಿ ಬಿಟ್ಟುಹೋದರು. ಶಿಮೋಯಾಮಾ ಬಂದು ಬಿಚ್ಚಿ ನೋಡಿದ. ಪ್ರತಿ ಟೇಪಿನ ಮೇಲೂ ಹೊಶಿನೊ ಸದಾಯೊ. ಕೈಗವಸು ಬಿಗಿ ಮಾಡಿಕೊಂಡ. ಆಮೇಲೆ ಕೈಗಾಡಿ ತಂದು, ಹನ್ನೊಂದೂ ಚೀಲ ಹೇರಿ, ಅವಳ ಮನೆಯ ಕಡೆ ತಳ್ಳತೊಡಗಿದ.

ನಾನು ಅಂಗಡಿಯಿಂದ ಹೊರಬಂದೆ. “ಅಧ್ಯಕ್ಷರೇ, ಇವು ತೊಲಗಲಿ ಅಂತ ನೀವೇ ತಾನೆ ಬಾಯಿ ಬಡ್ಕೊಂಡಿದ್ದು?”

“ಹೌದು,” ಎಂದ ಬೆವರು ಒರೆಸಿಕೊಳ್ಳುತ್ತ. “ಆದ್ರೆ ಇವತ್ತು ಗುರುವಾರ.”

ಆ ಮನುಷ್ಯನ ಮೇಲೆ ಜೀವನದಲ್ಲಿ ಒಂದೇ ಒಂದು ಸಲ ನನಗೆ ಗೌರವ ಹುಟ್ಟಿದ್ದರೆ ಅದು ಆಗ.

ಸದಾಯೊ ಮೂರು ಗಂಟೆಗೆ ಬಂದಾಗ ಕಾಗೆಗಳು ಎರಡು ಚೀಲ ಹರಿದಿದ್ದವು. ಸೈಕಲ್ ನಿಲ್ಲಿಸಿದಳು. ಚೀಲ ನೋಡಿದಳು, ಕೆಂಪು ಚೀಟಿ ನೋಡಿದಳು. ಚೀಲದ ಬಾಯಿಗೆ ಕಟ್ಟಿದ್ದ, ಮಗಳು ಬ್ಯಾಂಕಿನಿಂದ ತರುತ್ತಿದ್ದ ದಾರ ನೋಡಿದಾಗ ಯಾರ ಕೆಲಸವೆಂದು ತಿಳಿಯಿತು. ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಾಳೆ ಎಂದುಕೊಂಡೆ. ಅವಳು ಒಳಗಿನಿಂದ ಮೂಲಂಗಿ ಒಣಗಿಸುವ ಚಾಪೆಗಳನ್ನು ತಂದು ಬೀದಿಯುದ್ದಕ್ಕೂ ಹಾಸಿದಳು. ಒಂದೊಂದೇ ಟೇಪು ತೆಗೆದು, ಒರೆಸಿ, ಮುಚ್ಚಳದ ಚಿತ್ರ ಮೇಲೆ ಬರುವ ಹಾಗೆ ಸಾಲಾಗಿ ಇಟ್ಟಳು. ಕತ್ತಿ ಹಿಡಿದವರು, ಕೂದಲು ಕೆದರಿದವರು, ನಾನೂರಕ್ಕೂ ಮೇಲೆ ಹೆಂಗಸರು ನಮ್ಮ ಬೀದಿಯಿಂದ ಆಕಾಶ ನೋಡುತ್ತ ಮಲಗಿದರು.

“ಇದೇನಿದು ಸದಾಯೊ-ಸಾನ್?” ಎಂದು ಕೇಳಿದೆ.

“ಒಣಗಾಳಿ ಶುರುವಾಗಿದೆ. ಟೇಪಿಗೆ ಬೂಷ್ಟು ಹಿಡಿಯತ್ತೆ. ಗಾಳಿ ಬಂದಾಗ ತೂರಿಕೋಬೇಕು.” ಇನ್ನೊಂದು ಟೇಪು ಒರೆಸಿ ಸಾಲಿಗಿಟ್ಟಳು. “ನೋಡ್ಬೇಕಾದೋರೆಲ್ಲ ಚೆನ್ನಾಗಿ ನೋಡ್ಲಿ.”

ಆಗಲೇ ಬಂದಳು ಗಂಡಿನ ಸೋದರತ್ತೆ. ಬೂದು ಕಿಮೋನೊ, ಕೈಯಲ್ಲೊಂದು ಬಟ್ಟೆಯ ಗಂಟು. ತೊಕಿ ಬಾಗಿಲಲ್ಲಿ ನಿಂತು ಎದೆ ಹಿಡಿದುಕೊಂಡಳು. ಬಂದ ಹೆಂಗಸು ಸದಾಯೊಳ ಮುಖ ಗೊತ್ತಿಲ್ಲದೆ ರಬ್ಬರ್ ಬೂಟಿನಲ್ಲಿ ಚಾಪೆಯ ಮೇಲೆ ಕೂತವಳನ್ನೇ ಹಳೆ ಸಾಮಾನು ಮಾರುವವಳೆಂದುಕೊಂಡು ಕೇಳಿದಳು:

“ಅಮ್ಮಾ, ಈ ಬೀದೀಲಿ ಹೊಶಿನೊ ಅನ್ನೋರ ಮನೆ ಗೊತ್ತಾ? ಹೇಗೆ ಜನ?”

ಸದಾಯೊ ಒರೆಸುವುದನ್ನು ನಿಲ್ಲಿಸಲಿಲ್ಲ. “ಮಗಳು ಅಪ್ಪಟ ಚಿನ್ನ. ಸುಳ್ಳು ಹೇಳಲ್ಲ, ದುಡಿಯೋಕೆ ಹಿಂಜರಿಯಲ್ಲ. ತಾಯಿಗೆ ಮಾತ್ರ ದೆವ್ವದ ಸಿನಿಮಾ ಹುಚ್ಚು. ನಾನೂರು ಇಟ್ಕೊಂಡಿದ್ದಾಳೆ. ನಾಚಿಕೆ ಅನ್ನೋದಿಲ್ಲ ಅವಳಿಗೆ.”

“ಅಷ್ಟೆಲ್ಲ ಹೇಗೆ ಗೊತ್ತು ನಿಮಗೆ?”

“ಮೂವತ್ತು ವರ್ಷದಿಂದ ಅದೇ ಮನೇಲಿದ್ದೀನಲ್ಲ. ನಾನೇ ಆ ತಾಯಿ,” ಎಂದು ಎದ್ದು ನಿಂತು, ಸೊಂಟ ಬಗ್ಗಿಸಿ ನಮಸ್ಕರಿಸಿದಳು.

ಆ ಹೆಂಗಸು ಮರುನಮಸ್ಕಾರ ಮಾಡಿ, ಟೇಪುಗಳನ್ನು ತುಳಿಯದಂತೆ ಅಂಚಿನಲ್ಲೇ ನಡೆದು ಹೊರಟುಹೋದಳು.

ಸಂಜೆ ಮಿನೆಕೊ ಬಂದು ಬೀದಿ ನೋಡಿದವಳೇ ಚೀರಿದಳು. “ಅಮ್ಮಾ, ನಿಂಗೆ ಆ ಸತ್ತ ಹೆಂಗಸರೇ ಹೆಚ್ಚಾದ್ರಾ? ಬದುಕಿರೋ ಮಗಳು ಕಾಣ್ಸಲ್ವಾ?”

ಅಧ್ಯಕ್ಷನಿಗೆ, ಗಂಡಿನ ಸೋದರತ್ತೆಗೆ, ಇಡೀ ಬೀದಿಗೆ ಉತ್ತರ ಕೊಟ್ಟವಳು ಆ ಮಾತಿಗೆ ಉತ್ತರ ಕೊಡಲಿಲ್ಲ. ಚಾಪೆ ಸುತ್ತಿಕೊಂಡು ಒಳಗೆ ಹೋದಳು.

ವಾರ ಕಳೆದ ಮೇಲೆ ಇಸೆಸಾಕಿಯಿಂದ ತೊಕಿಗೆ ಮಾತು ಬಂತು. ಹುಡುಗಿ ಒಪ್ಪಿಗೆ, ತಾಯಿ ಮಾತ್ರ ಆ ಟೇಪುಗಳನ್ನೆಲ್ಲ ಎಸೆಯಬೇಕು, ಎಸೆದದ್ದನ್ನು ಮಧ್ಯಸ್ಥರು ಕಣ್ಣಾರೆ ನೋಡಬೇಕು. ತೊಕಿ ಮೊದಲು ಹೋಗಿ ತಾಯಿಗೆ ಹೇಳಿದಳು. ಸದಾಯೊ ಜಗಳಕ್ಕೆ ಬರುತ್ತಾಳೆಂದು ನಾನು ಕಾದೆ. ಬರಲಿಲ್ಲ. ಎರಡು ದಿನ ಬಿಟ್ಟು ನಾನೇ ಹೋದೆ. ನೆಲದ ಮೇಲೆ ಕೂತು ತನ್ನ ಹೆಸರಿನ ಚೀಟಿಗಳನ್ನು ಬಿಸಿನೀರಿನ ಬಟ್ಟೆಯಲ್ಲಿ ಒದ್ದೆ ಮಾಡಿ ಕೀಳುತ್ತಿದ್ದಳು. ಟೇಪು ಒಂದು ಚೀಲಕ್ಕೆ, ಕಾಗದದ ಮುಚ್ಚಳ ಇನ್ನೊಂದಕ್ಕೆ.

“ಈ ಸಲ ಯಾರೂ ವಾಪಸ್ ತರಬಾರದು ನೋಡಿ,” ಎಂದಳು. “ಎರಡನೇ ಮಂಗಳವಾರಕ್ಕೆ ಸರಿಯಾಗಿ ವಿಂಗಡಿಸ್ತಿದ್ದೀನಿ.”

“ಬೇಡ ಸದಾಯೊ-ಸಾನ್. ನಿಮ್ಮ ಜೀವ ಅದು.”

“ನನ್ನ ಜೀವ ಬ್ಯಾಂಕಿಗೆ ಹೋಗಿದೆ, ಆರಕ್ಕೆ ಬರತ್ತೆ.” ಕಣ್ಣೀರು ಬಂದದ್ದನ್ನು ಮರೆಮಾಚಲೂ ಇಲ್ಲ. ಆ ಹೆಂಗಸು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇಸೆಸಾಕಿಯವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮಂಗಳವಾರದ ಹಿಂದಿನ ದಿನ ಮಿನೆಕೊ ನಮ್ಮ ಮನೆಗೆ ಬಂದಳು. ಮುಖ ಬಾಡಿತ್ತು. ತೊಕಿ ಚಹಾ ಕೊಟ್ಟು, “ನಾಳೆ ಬೆಳಿಗ್ಗೆ ನಾನೂ ಕಸದ ಮೂಲೆಗೆ ಬರ್ತೀನಮ್ಮಾ, ನೋಡಿದೆ ಅಂತ ಹೇಳ್ಬೇಕಲ್ಲ. ಆಮೇಲೆ ಎಲ್ಲ ಸಲೀಸು,” ಎಂದಳು.

“ಅಮ್ಮ ಎಲ್ಲಾದ್ರ ಮೇಲಿಂದ ಅವಳ ಹೆಸರು ಕಿತ್ತಿದ್ದಾಳೆ ಚಿಕ್ಕಮ್ಮಾ,” ಎಂದಳು ಮಿನೆಕೊ. “ನಿನ್ನೆ ಒಂದು ಟೇಪ್ ಹಾಕಿ ನೋಡ್ದೆ. ರೇಷ್ಮೆ ಗಿರಣೀದು. ಯಾಕಮ್ಮಾ ಇದು ಅಂತ ಕೇಳ್ದೆ. ಆ ಮೇಸ್ತ್ರಿ ವಿಷಯ ಹೇಳಿದ್ಳು. ಇಪ್ಪತ್ತೈದು ವರ್ಷ ಒಂದೇ ಮನೇಲಿದ್ದು ನಾನು ಕೇಳಿರ್ಲೇ ಇಲ್ಲ.”

ಚಹಾದ ಬಟ್ಟಲು ಕೆಳಗಿಟ್ಟಳು. ಬೆನ್ನು ನೆಟ್ಟಗಾಯಿತು, ಥೇಟ್ ತಾಯಿಯ ಹಾಗೆ.

“ಸುಡದ ಕಸ ಎರಡನೇ ಮಂಗಳವಾರ ಹಾಕ್ಬೇಕು ಅಂತ ಈಗ ಕಲಿತೆ. ಇಸೆಸಾಕಿಯೋರು ಈಗ ಅಮ್ಮನ್ನ ಕಸಕ್ಕೆ ಹಾಕೋಕೆ ಹೇಳಿದ್ರು. ನನ್ನನ್ನ ಯಾವ ದಿನ ಹಾಕ್ತಾರೆ, ಅದನ್ನೂ ಕೇಳ್ಬಿಡಿ ಚಿಕ್ಕಮ್ಮಾ. ಕೇಳೋಕೆ ಆಗಲ್ಲ ಅಂದ್ರೆ, ಈ ಮದುವೆ ನಂಗೆ ಬೇಡ ಅಂತ ಹೇಳಿ.”

ತೊಕಿ ನನ್ನ ಮುಖ ನೋಡಿದಳು. ನಾನು ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡು, ಬದುಕಿಕೋ ತಾಯಿ ಎಂದು ಹುಡುಗಿಯನ್ನು ಹರಸಿದೆ.

ಎರಡನೇ ಮಂಗಳವಾರ ಬೆಳಿಗ್ಗೆ ಅರ್ಧ ಬೀದಿ ಕಸದ ಮೂಲೆಯಲ್ಲಿ ನಿಂತಿತ್ತು. ಶಿಮೋಯಾಮಾ ತೊಳೆದ ಕೈಗವಸು ತೊಟ್ಟು, ಕೈಗಾಡಿ ಸಮೇತ ಹಾಜರಾಗಿದ್ದ. ಎದುರುಮನೆಯ ಬಾಗಿಲು ತೆರೆಯಿತು. ಮಿನೆಕೊ ಬ್ಯಾಂಕಿನ ಸಮವಸ್ತ್ರದಲ್ಲಿ ಹೊರಬಂದಳು. ಎರಡೂ ಕೈಯಲ್ಲಿ ಹಿಡಿದಿದ್ದದ್ದು ಆ ಹಳೆಯ ಅನ್ನದ ಕುಕ್ಕರು. ಅದನ್ನು ಮೂಲೆಯಲ್ಲಿ ನೆಟ್ಟಗೆ ಇಟ್ಟು, ತಂತಿಯನ್ನು ಅಂದವಾಗಿ ಸುತ್ತಿ, ಅಧ್ಯಕ್ಷನಿಗೆ ಆಳವಾಗಿ ನಮಸ್ಕರಿಸಿದಳು.

“ನಮ್ಮನೇದು ಇಷ್ಟೇ. ಇವತ್ತು ಮಂಗಳವಾರ ತಾನೆ, ಅಧ್ಯಕ್ಷರೇ?”