ಚಾಚಿಗೆ ಓದಿ ಹೇಳಿದ ಕಾದಂಬರಿ

ಚಾಚಿಯ ಎಡಗೈ ತೋರುಬೆರಳಿನ ತುದಿ ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ರೊಟ್ಟಿಯ ಅಂಚಿನಂತೆ ಒರಟಾಗಿತ್ತು. ಸಕ್ಕರೆ ಕಾಯಿಲೆ ಕಣ್ಣು ಕಸಿದ ಮೇಲೂ ಆ ಬೆರಳಲ್ಲೇ ತಡವಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದರು. ತಿಕೋಟಾದಲ್ಲಿ ನಮ್ಮ ಗೋಡೆಗೆ ಅವರ ಗೋಡೆ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಕುಬಸ ಹೊಲಿಯಲು ಕಲಿಸಿದವರು ಅವರೇ. "ಸೊಟ್ಟಾತಂದ್ರ ಅಲ್ಲೇ ಬಿಚ್ಚಬೇಕ ಬೇ. ಹಂಗ ಮುಂದ ಹೊಲಕೊಂತ ಹ್ವಾದಿ ಅಂದ್ರ ಇಡೀ ಕುಬಸಾನ ಸೊಟ್ಟ."

ಮಧ್ಯಾಹ್ನದ ಊಟವಾದ ಮೇಲೆ ನಾನು ಅವರ ಸೂಜಿಗಳಿಗೆ ದಾರ ಪೋಣಿಸಿಟ್ಟು, ಕಾದಂಬರಿ ಓದಿ ಹೇಳುತ್ತಿದ್ದೆ. ವಿಜಯಪುರದ ಬಸ್ ನಿಲ್ದಾಣದಲ್ಲಿ ಕೊಂಡ ಹಗುರ ಪ್ರೇಮಕಥೆ ಅದು. ನಾಯಕಿ ಸಿಡುಕಿ, ಮೈಗಳ್ಳಿ. ಪರೀಕ್ಷೆಯಲ್ಲಿ ಫೇಲಾಗಿ, ಮೆಚ್ಚಿದ ಹುಡುಗನಿಗೆ ಪಾಸಾದೆನೆಂದು ಹೇಳಿದ್ದಳು. ಅವನೊಂದಿಗೇ ಲಗ್ನ ಗೊತ್ತಾದರೂ ಬಾಯಿ ಬಿಟ್ಟಿರಲಿಲ್ಲ.

"ಹೇಳ ಹುಚ್ಚಿ, ಅಕ್ಕಿಕಾಳ ಬೀಳೂಕಿಂತ ಮದ್ಲ ಹೇಳ," ಎಂದು ಚಾಚಿ ಪುಸ್ತಕಕ್ಕೇ ಗದರುತ್ತಿದ್ದರು. ಅವರ ಸಂಕಟ ನೋಡಲಾರದೆ ಒಂದು ದಿನ, ಆಕೆ ಹುಡುಗನೆದುರು ಅತ್ತು ಎಲ್ಲ ಒಪ್ಪಿಕೊಂಡಳೆಂದು ನಾನೇ ಕಟ್ಟಿ ಓದಿದೆ. ಚಾಚಿಯ ಕೈ ನಿಂತಿತು.

"ಇಷ್ಟೊತ್ತು ಓದಿದಿ, ಪುಟ ತಿರವಿದ ಸಪ್ಪಳಾನ ಇಲ್ಲ. ಸುಳ್ಳು ಆಕಿ ಹೇಳಾಕತ್ಯಾಳೋ, ನೀನೋ?"

"ತಪ್ಪಾತ್ರಿ ಚಾಚಿ. ಇದ್ದದ್ದು ಇದ್ದಂಗ ಓದ್ತೇನಿ."

"ಓದು. ಕೆಟ್ಟಾಕಿ ಆದ್ರೂ ನಮ್ಮಾಕಿನ. ಮತ್ತ ನನ್ನ ಬಿಟ್ಟ ಮುಂದ ಓದಿಗೀದಿ."

ಕೊನೆಯ ಅಧ್ಯಾಯವೊಂದು ಉಳಿದಿತ್ತು. ಅಷ್ಟರಲ್ಲಿ ಕಾಲಿನ ಗಾಯ ಕೊಳೆತು ಅವರನ್ನು ವಿಜಯಪುರದ ಆಸ್ಪತ್ರೆಗೆ ಸೇರಿಸಿದರು. ಪುಸ್ತಕ ಒಯ್ದಿದ್ದೆ. ನರ್ಸ್ ಅದನ್ನು ಹೊರಗಿಡಿಸಿ, ಎರಡೇ ನಿಮಿಷ ಎಂದಳು. ಚಾಚಿ ಆ ಒರಟು ಬೆರಳಿನಿಂದ ನನ್ನ ಅಂಗೈ ತಡವಿದರು.

"ಹೇಳಿದ್ಲೇನ ಬೇ ಆಕಿ?"

"ಹೇಳಿದ್ಲರಿ. ಹುಡುಗ ನಕ್ಕಬಿಟ್ಟ."

"ನನ್ನ ಬಿಟ್ಟ ಓದಿದ್ಯಾ?"

ಆ ಅಧ್ಯಾಯ ನಾನಿನ್ನೂ ತೆರೆದೇ ಇರಲಿಲ್ಲ. ಹೌದೆಂದರೆ ಅವರ ಮಾತು ಮೀರಿದವಳು, ಇಲ್ಲವೆಂದರೆ ಈಗಷ್ಟೇ ಸುಳ್ಳು ಹೇಳಿದವಳು. ಅವರ ಹೊದಿಕೆ ಸರಿಪಡಿಸತೊಡಗಿದೆ. ನರ್ಸ್ ಹೊರಗೆ ಕರೆದಳು. ಮರುದಿನ ಚಾಚಿ ಹೋದರು.

ಮಣ್ಣು ಕೊಟ್ಟು ವಾರವಾದ ಮೇಲೆ, ಅವರು ಕೂಡುತ್ತಿದ್ದ ಕಟ್ಟೆಯ ಮೇಲೆ ಕೂತು ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿದೆ. ಹುಡುಗಿ ಹೇಳಲೇ ಇಲ್ಲ. ನಗುನಗುತ್ತ ತಾಳಿ ಕಟ್ಟಿಸಿಕೊಂಡಳು. ಕಡೆಯ ಪುಟವನ್ನು ಸಪ್ಪಳವಾಗುವಂತೆ ತಿರುವಿ ಕಾದೆ. ಆ ಹುಡುಗಿಯನ್ನೂ ನನ್ನನ್ನೂ ಬೈಯುವವರು ಅಲ್ಲಿರಲಿಲ್ಲ.