ಆಧಾರ ಮೇಡಂ ಮತ್ತು ತೊದಲಿನ ಪುಟ

ಆ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಹೇಳುತ್ತಿದ್ದವರಿಗೆ ಹುಡುಗರು ಇಟ್ಟ ಹೆಸರು ಆಧಾರ ಮೇಡಂ. ಯಾರು ಏನೇ ಹೇಳಲಿ, ‘ಆಧಾರ ಎಲ್ಲಿ?’ ಎಂದು ಕೇಳದೆ ಬಿಡುತ್ತಿರಲಿಲ್ಲ. ಬಸ್ಸು ಕೆಟ್ಟುಹೋಯಿತು, ಅದಕ್ಕೇ ತಡ ಎಂದು ಬಾಗಿಲಲ್ಲಿ ತಲೆ ಕೆರೆದುಕೊಂಡು ನಿಂತವನಿಗೂ ಅದೇ ಪ್ರಶ್ನೆ. ಸಿಟ್ಟಂತೂ ಸದಾ ಮೂಗಿನ ತುದಿಯಲ್ಲಿ. “ನಮ್ಮನೇಲಿ ಸಕ್ಕರೆ ಮುಗಿದಿದೆ ಅಂದ್ರೆ ಸಾಲದು, ಡಬ್ಬಿ ಬೋರಲು ಹಾಕಿ ತೋರಿಸಬೇಕು” ಎಂದು ಅವರ ಗಂಡ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಮೇಡಂ ತಂಗಿ ಫೋನ್ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು. ಅವಳ ಮಗಳಿಗೆ ನಾಲ್ಕು ವರ್ಷ. ಕೆಲವು ತಿಂಗಳಿಂದ ಮಗುವಿನ ಮಾತು ತೊದಲತೊಡಗಿತ್ತು.

“ನನ್ನಿಂದಲೇ ಅಂತೆ ಕಣೇ ಅಕ್ಕಾ” ಎಂದಳು ತಂಗಿ. “ಊಟಕ್ಕೆ ಕೂತಾಗ ನನ್ನ ಮೈದುನ ಎಲ್ಲರ ಮುಂದೆ ಫೋನ್ ಹಿಡ್ಕೊಂಡು ಓದಿದ. ತಾಯಿ ಗದರಿಸಿದ್ರೆ ಮಕ್ಕಳು ತೊದಲ್ತಾವೆ ಅಂತ ವಿಶ್ವಕೋಶದಲ್ಲೇ ಇದೆಯಂತೆ. ಆವತ್ತಿಂದ ಮಗೂನ ಮಾತಾಡಿಸೋಕೇ ಭಯ. ನಾನು ಬಾಯಿ ಬಿಟ್ರೆ ಸಾಕು, ಅತ್ತೆ ನನ್ನ ಮುಖ ನೋಡ್ತಾರೆ.”

“ಯಾವ ವಿಶ್ವಕೋಶ?”

“ಅದೇ, ಎಲ್ಲರೂ ನೋಡ್ತಾರಲ್ಲ, ಅಂತರ್ಜಾಲದ್ದು.”

ಮೇಡಂ ಅಲ್ಲೇ ಕೂತು ಆ ಪುಟ ತೆರೆದರು. ಒಂದಿಷ್ಟೇ ಸಾಲುಗಳ ಬಡಕಲು ಬರಹ. ‘ತಾಯಿಯ ಕಠಿಣ ಸ್ವಭಾವವೇ ತೊದಲಿಗೆ ಮುಖ್ಯ ಕಾರಣ’ ಎಂದು ತೀರ್ಪು ಕೊಟ್ಟ ಹಾಗೆ ಬರೆದಿತ್ತು. ಕೆಳಗೆ ಆಧಾರಗಳಿರಬೇಕಾದ ಜಾಗ ಖಾಲಿ. ಮೇಡಂ ಮೈಯೆಲ್ಲ ಉರಿದುಹೋಯಿತು. ತಾಯಂದಿರ ತಲೆಗೆ ಕಟ್ಟಿದ ಈ ಸುಳ್ಳನ್ನು ವಿಜ್ಞಾನ ಯಾವತ್ತೋ ಕಿತ್ತೆಸೆದಿತ್ತು. ತರಗತಿಯ ನಾಲ್ಕು ಗೋಡೆಯೊಳಗೆ ಅವರು ವರ್ಷ ವರ್ಷವೂ ಅದನ್ನೇ ಹೇಳುತ್ತಿದ್ದರು. ಹೊರಗೆ ಊರೆಲ್ಲ ಓದುತ್ತಿದ್ದದ್ದು ಮಾತ್ರ ಇದು! ಪುಟದ ಮೇಲ್ಗಡೆ ‘ತಿದ್ದಿ’ ಎಂಬ ಗುಂಡಿ ಕಂಡಾಗ ಸಿಟ್ಟು ತಮ್ಮ ಕಡೆಗೇ ತಿರುಗಿತು. ಯಾರು ಬೇಕಾದರೂ ತಿದ್ದಬಹುದಾದ ಪುಟ, ತಮ್ಮಂಥ ಓದಿದವರು ಇಷ್ಟು ದಿನ ಏನು ಮಾಡುತ್ತಿದ್ದರು?

ಮಾರನೆಯ ದಿನವೇ ಕೊನೆಯ ವರ್ಷದ ತರಗತಿಗೆ ಹೇಳಿದರು: “ನೀವು ಪ್ರಬಂಧ ಬರೀತೀರಿ, ನಾನು ಓದ್ತೀನಿ, ಆಮೇಲೆ ಅದು ರದ್ದಿಗೆ ಹೋಗುತ್ತೆ. ಈ ಸಲ ಜನ ಓದೋ ಹಾಗೆ ಬರೀರಿ. ಒಬ್ಬೊಬ್ಬರಿಗೆ ಒಂದೊಂದು ಪುಟ. ನಿಮ್ಮದೇ ಮಾತಲ್ಲಿರಬೇಕು, ಪ್ರತಿ ವಾಕ್ಯಕ್ಕೂ—”

“ಆಧಾರ!” ಎಂದಿತು ಇಡೀ ತರಗತಿ.

ತೊದಲಿನ ಪುಟ ಬಿದ್ದದ್ದು ‘ಗಡಿಬಿಡಿ’ಯ ಪಾಲಿಗೆ. ಯಾವತ್ತೂ ಓಡೋಡಿ ಬಂದು ಏದುಸಿರು ಬಿಡುತ್ತಾ ಕೂರುತ್ತಿದ್ದ ಹುಡುಗಿ ಅವಳು. ಬರೆದದ್ದನ್ನು ಮೇಡಂ ಮತ್ತೆ ಮತ್ತೆ ವಾಪಸು ಕೊಟ್ಟರು. ಅವಳು ಮುಖ ಊದಿಸಿಕೊಂಡು ಹೋಗಿ ಮತ್ತೆ ಬರೆದು ತಂದಳು. ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವವರ ಬಾಗಿಲು ತಟ್ಟಿ, ಏನೇನು ಓದಬೇಕೆಂದು ಕೇಳಿಕೊಂಡು ಬಂದು, ಅಷ್ಟನ್ನೂ ಓದಿದಳು. ಹೆತ್ತವರ ಸ್ವಭಾವ ತೊದಲಿಗೆ ಕಾರಣವಲ್ಲ, ಮಿದುಳು ಮಾತನ್ನು ಹೊಂದಿಸುವ ರೀತಿಯಲ್ಲಿನ ವ್ಯತ್ಯಾಸದ, ವಂಶವಾಹಿಗಳ ಪಾತ್ರ ಇದರಲ್ಲಿ ದೊಡ್ಡದು ಎಂದು ಆಧಾರ ಸಮೇತ ಬರೆದು ವಿಶ್ವಕೋಶಕ್ಕೆ ಏರಿಸಿದಾಗ ಸೆಮಿಸ್ಟರ್ ಮುಗಿಯುತ್ತಾ ಬಂದಿತ್ತು.

ಸುದ್ದಿ ಪ್ರಿನ್ಸಿಪಾಲರ ಕಿವಿಗೆ ಬಿತ್ತು. ಅವರು ಕುಣಿದಾಡಿಬಿಟ್ಟರು. ಮುಂದಿನ ಸೆಮಿಸ್ಟರಿನಿಂದ ಇಡೀ ಕಾಲೇಜು ಬರೆಯಬೇಕು, ಎಷ್ಟು ಉದ್ದ ಬರೆದರೆ ಅಷ್ಟು ಅಂಕ ಎಂದು ಸಭೆಯಲ್ಲಿ ಘೋಷಿಸಿದರು.

“ಸರ್, ಓದಿ ತಿದ್ದೋರು ಯಾರು?” ಎಂದರು ಮೇಡಂ. “ನನ್ನ ಒಂದು ತರಗತಿಯದ್ದು ಓದೋಷ್ಟರಲ್ಲೇ ನನಗೆ ಸಾಕುಬೇಕಾಯ್ತು.”

“ಒಳ್ಳೇ ಕೆಲಸ ಜಾಸ್ತಿ ಆದ್ರೆ ನಿಮಗೇನು ಕಷ್ಟ ಮೇಡಂ?” ಎಂದು ಪ್ರಿನ್ಸಿಪಾಲರು ನಕ್ಕರು. ಉಳಿದವರೂ ನಕ್ಕರು. ಸಭೆ ಮುಗಿಯಿತು.

ಆಮೇಲೆ ನಡೆದದ್ದು ಬರಹವಲ್ಲ, ಸುರಿಯುವಿಕೆ. ಪಠ್ಯಪುಸ್ತಕದ ಪುಟಗಳನ್ನು ಹಾಗಾಗೇ ನಕಲಿಸಿದವರು ಕೆಲವರು. ಇಂಗ್ಲಿಷಿನದ್ದನ್ನು ಅನುವಾದದ ಯಂತ್ರಕ್ಕೆ ಕೊಟ್ಟು, ಅದು ಕಕ್ಕಿದ್ದನ್ನು ಕಣ್ಣುಮುಚ್ಚಿ ಏರಿಸಿದವರು ಹಲವರು. ಹೀಗೆ ಖಿನ್ನತೆಯ ಪುಟದಲ್ಲಿ ‘ಡಿಪ್ರೆಶನ್’ ಎಂಬ ಪದಕ್ಕೆ ಯಂತ್ರ ಹವಾಮಾನದವರ ಅರ್ಥ ಹಚ್ಚಿ, ಖಿನ್ನತೆಯೇ ಮಾಯವಾಗಿ, ‘ವಾಯುಭಾರ ಕುಸಿತಕ್ಕೆ ಒಳಗಾದ ವ್ಯಕ್ತಿಗೆ ನಿದ್ದೆ ಬರುವುದಿಲ್ಲ’ ಎಂಬ ಸಾಲು ಬಂದು ಕೂತಿತು.

ಒಂದು ಬೆಳಿಗ್ಗೆ ನೋಡಿದರೆ ಕಾಲೇಜಿನಿಂದ ಹೋದದ್ದೆಲ್ಲ ಅಳಿಸಿಹೋಗಿತ್ತು. ಕಾಲೇಜಿನ ಕಂಪ್ಯೂಟರುಗಳಿಂದ ಇನ್ನು ಯಾರೂ ತಿದ್ದುವ ಹಾಗಿಲ್ಲ ಎಂಬ ಸೂಚನೆ ಬೇರೆ. ಗಡಿಬಿಡಿಯ ಪುಟವೂ ಹೋಗಿ, ತಾಯಿಯನ್ನು ದೂರುವ ಹಳೆಯ ಸಾಲುಗಳೇ ವಾಪಸು ಬಂದಿದ್ದವು. ಅಳಿಸಿದವರು ‘ಗರಗಸ’ ಎಂಬ ಅಡ್ಡಹೆಸರಿನ ಸ್ವಯಂಸೇವಕರು. ಆ ಗರಗಸಕ್ಕೆ ಮೇಡಂ ಖಾರವಾಗಿ ಬರೆದು, ಕೆಳಗೆ ತಮ್ಮ ಫೋನ್ ನಂಬರು ಹಾಕಿದರು. ಸಂಜೆಯೊಳಗೆ ಕರೆ ಬಂತು.

“ನಾನು ಹಲ್ಲಿನ ಡಾಕ್ಟರು” ಎಂದಿತು ಆ ಕಡೆಯ ದನಿ. “ಒಂದು ಹಲ್ಲಿಗೂ ಇನ್ನೊಂದು ಹಲ್ಲಿಗೂ ಮಧ್ಯೆ ಸಿಗೋ ಬಿಡುವಲ್ಲಿ ಈ ಕೆಲಸ ಮಾಡ್ತೀನಿ. ಯಾರೂ ಕಾಸು ಕೊಡಲ್ಲ, ಅಂಕಾನೂ ಕೊಡಲ್ಲ. ತಿಂಗಳಿಂದ ನಿಮ್ಮ ಕಾಲೇಜಿನ ಕಸ ಗುಡಿಸಿ ಗುಡಿಸಿ ಸಾಕಾಗಿದೆ. ಪಾಠ ಹೇಳೋದು ನಿಮ್ಮ ಕೆಲಸ ತಾನೆ? ತಿದ್ದೋದು ನಮ್ಮ ತಲೆಗೆ ಯಾಕೆ ಕಟ್ಟಿದ್ರಿ?”

ಮೇಡಂ ಬೈಯಲೆಂದೇ ಬಾಯಿ ತೆರೆದಿದ್ದರು. ಸಭೆಯಲ್ಲಿ ತಾವು ಕೇಳಿದ ಪ್ರಶ್ನೆಯನ್ನೇ ಈ ಮನುಷ್ಯ ಕೇಳುತ್ತಿದ್ದಾನೆ! ಆದರೂ ಬಿಡಲಿಲ್ಲ.

“ಕಸ ಗುಡಿಸಿ, ಬೇಡ ಅನ್ನಲ್ಲ. ಅದರ ಜೊತೆ ಮನೆ ಮಗೂನೂ ಗುಡಿಸಿ ಹಾಕ್ತಾರೇನ್ರೀ? ತೊದಲಿನ ಪುಟ ಓದಿ ಅಳಿಸಿದ್ರಾ, ಕಾಲೇಜಿನ ಹೆಸರು ನೋಡಿ ಅಳಿಸಿದ್ರಾ?”

“ಓದಿಲ್ಲ” ಎಂದರು ಡಾಕ್ಟರು. “ಓದ್ತೀನಿ.”

ಮಾರನೆಯ ದಿನ ಗಡಿಬಿಡಿಯ ಪುಟ ಮರಳಿ ಬಂತು. ಒಂದೇ ಒಂದು ವಾಕ್ಯದ ಪಕ್ಕದಲ್ಲಿ ಮಾತ್ರ ಡಾಕ್ಟರು ‘ಆಧಾರ ಬೇಕು’ ಎಂದು ಗುರುತು ಹಾಕಿದ್ದರು. ಅದನ್ನು ಕಂಡು ತರಗತಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ಮಾತ್ರ ಆ ವಾಕ್ಯವನ್ನು ಎರಡು ಸಲ ಓದಿ, “ಸರಿಯಾಗೇ ಹಿಡಿದಿದ್ದಾರೆ” ಎಂದು ಗಡಿಬಿಡಿಯನ್ನು ಪುಸ್ತಕ ಹುಡುಕಲು ಕಳಿಸಿದರು.

ಹೊಸ ಪುಟವನ್ನು ತಂಗಿ ಮನೆಯವರಿಗೆಲ್ಲ ಓದಿ ಹೇಳಿದಳಂತೆ. ಮೈದುನ ಕೇಳಿ, “ಅಯ್ಯೋ, ಅಂತರ್ಜಾಲದಲ್ಲಿ ಯಾರೋ ಏನೋ ಬರೀತಾರೆ ಅತ್ತಿಗೆ, ಅದನ್ನೆಲ್ಲ ನಂಬೋಕಾಗುತ್ತಾ?” ಅಂದನಂತೆ. ಇದನ್ನು ಕೇಳಿದ ಮೇಡಂ ಫೋನನ್ನು ಸೋಫಾದ ಮೇಲೆ ಎಸೆದ ರಭಸಕ್ಕೆ ಗಂಡ ಪೇಪರಿನಿಂದ ತಲೆ ಎತ್ತಿದರು. ತಂಗಿಯೇನೋ ಮಗಳ ಜೊತೆ ಮತ್ತೆ ಬಾಯಿತುಂಬ ಮಾತಾಡತೊಡಗಿದ್ದಳು. ಅಷ್ಟಾದರೂ ಆಯಿತಲ್ಲ ಎಂದರು ಗಂಡ. ಅಷ್ಟೇ ಯಾಕೆ ಆಗಬೇಕು ಎಂಬುದು ಮೇಡಂ ಸಂಕಟ.

ಅದೇ ವಾರ ಕಾಲೇಜಿನ ಗುಣಮಟ್ಟ ನೋಡಲು ಹೊರಗಿನಿಂದ ಸಮಿತಿ ಬಂತು. ಸಭಾಂಗಣ ತುಂಬಿತ್ತು. ನಮ್ಮ ಮಕ್ಕಳು ವಿಶ್ವಕೋಶವನ್ನೇ ಶ್ರೀಮಂತಗೊಳಿಸಿದ್ದಾರೆ, ನೂರಾರು ಲೇಖನ ಬರೆದಿದ್ದಾರೆ ಎಂದು ಪ್ರಿನ್ಸಿಪಾಲರು ಎದೆಯುಬ್ಬಿಸಿ ಹೇಳಿದರು. ಅವೆಲ್ಲ ಅಳಿಸಿಹೋದ ವಿಷಯ ಬಾಯಿ ಬಿಡಲಿಲ್ಲ.

ಮೇಡಂ ಎದ್ದು ನಿಂತರು. “ಸರ್, ಅದರಲ್ಲಿ ಒಂದನ್ನ ಓದಲಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಓದಿದರು: “ವಾಯುಭಾರ ಕುಸಿತಕ್ಕೆ ಒಳಗಾದ ವ್ಯಕ್ತಿಗೆ ನಿದ್ದೆ ಬರುವುದಿಲ್ಲ. ಕುಟುಂಬದವರು ಆತನ ಕುಸಿತವನ್ನು ಗಮನಿಸುತ್ತಿರಬೇಕು.”

ಹುಡುಗರ ಸಾಲಿನಿಂದ ನಗು ಸ್ಫೋಟಿಸಿತು. ಮೇಡಂ ನಗಲಿಲ್ಲ.

“ನಗಬೇಡ್ರಿ. ಮನಸ್ಸು ಕುಸಿದು ಕೂತಿರೋರು ಯಾರೋ ದಿಕ್ಕು ತೋಚದೆ ಈ ಪುಟ ತೆಗೀತಾರೆ. ಅವರ ಕೈಗೆ ನಾವು ಹವಾಮಾನ ವರದಿ ಕೊಟ್ಟಿದ್ದೀವಿ, ಅದಕ್ಕೆ ಅಂಕಾನೂ ಕೊಟ್ಟಿದ್ದೀವಿ. ಇದನ್ನ ಬಳಿದು ಹಾಕಿದ್ದು ಯಾರೋ ಹೊರಗಿನವರು. ನಾಚಿಕೆ ಆಗಬೇಕು ನಮಗೆ.”

“ಕೂತ್ಕೊಳ್ಳಿ ಮೇಡಂ” ಎಂದರು ಪ್ರಿನ್ಸಿಪಾಲರು, ಹಲ್ಲು ಕಚ್ಚಿ.

ಮೇಡಂ ಕೂರಲಿಲ್ಲ, ಹೊರಗೆ ನಡೆದರು. ಸಮಿತಿಯ ವರದಿಯಲ್ಲಿ ಆ ಮಾತಿನ ಸುಳಿವೂ ಇರಲಿಲ್ಲ. ‘ಶ್ಲಾಘನೀಯ ಪ್ರಯತ್ನ’ ಎಂದಿತ್ತು. ಕೊನೆಯ ವರ್ಷದ ತರಗತಿ ಮೇಡಂ ಕೈತಪ್ಪಿ, ಬೇರೆಯವರಿಗೆ ಹೋಯಿತು. ಮೇಡಂಗೆ ಉಳಿದದ್ದು ಮೊದಲ ವರ್ಷದವರ ಅಂಕಿಅಂಶ ಪಾಠ. ವಿಶ್ವಕೋಶದ ಹುಚ್ಚು ಇಳಿದ ಮೇಲೆ ಪ್ರಿನ್ಸಿಪಾಲರು ಇನ್ನೊಂದನ್ನು ಹಿಡಿದುಕೊಂಡರು.

ಈಗ ಶನಿವಾರ ಮಧ್ಯಾಹ್ನ ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮೇಡಂ, ಗಡಿಬಿಡಿ ಮತ್ತು ಅವಳ ಒಂದಿಬ್ಬರು ಗೆಳತಿಯರು ಕೂರುತ್ತಾರೆ. ಹಲ್ಲಿನ ಡಾಕ್ಟರು ಕ್ಲಿನಿಕ್ಕು ಮುಚ್ಚಿಕೊಂಡು ತಡವಾಗಿ ಬರುತ್ತಾರೆ. ಅಂಕವಿಲ್ಲ, ಸರ್ಟಿಫಿಕೇಟಿಲ್ಲ. ಒಂದು ಪುಟ ಹಿಡಿದರೆ ಅದು ಸರಿಯಾಗುವವರೆಗೆ ಇನ್ನೊಂದಕ್ಕೆ ಹೋಗುವುದಿಲ್ಲ.

ಮೊನ್ನೆ ಗಡಿಬಿಡಿ ಪರದೆ ತಿರುಗಿಸಿ ತೋರಿಸಿದಳು: “ಮೇಡಂ, ಎಡಗೈ ಬಳಸೋ ಮಕ್ಕಳನ್ನ ಚಿಕ್ಕಂದಿನಲ್ಲೇ ಹೊಡೆದು ತಿದ್ದಬೇಕಂತೆ ಇಲ್ಲಿ.”

“ಯಾವನು ಬರೆದಿದ್ದು?” ಮೇಡಂ ಮೇಜು ಗುದ್ದಿದರು. ಪಕ್ಕದ ಕೋಣೆಯಿಂದ ಗ್ರಂಥಪಾಲಕರು ಇಣುಕಿ, “ಮೇಡಂ, ಸ್ವಲ್ಪ ನಿಧಾನ” ಎಂದರು.

“ನಿಧಾನ ಮಾಡಿದ್ದಕ್ಕೇ ಇಷ್ಟಾಗಿರೋದು” ಎಂದು ಮೇಡಂ ಕುರ್ಚಿ ಎಳೆದುಕೊಂಡರು.